ಬಲಕ್ಕೆ ಬಿದ್ದ ಸೇವಂತಿಗೆ

1991ರಲ್ಲಿ ನಾನು ಓದು ಬಿಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಮತ್ತೆ ಕಟ್ಟು ಎಂದರು, ಕಟ್ಟಲಿಲ್ಲ. ಹಿರಿಯೂರಿನ ಒಂದು ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಹಿಡಿದೆ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಏಕೆಂದರೆ ಹೊಸಬರು ಯಾರೇ ಸಿಕ್ಕರೂ ಒಂದು ಟೀ ಮುಗಿಯುವುದರೊಳಗೆ ‘ಎಲ್ಲಿವರೆಗೆ ಓದಿದ್ದೀರಿ’ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದವರ ಗಾಡಿ ಕೆಟ್ಟು ನಿಂತಾಗ ಮಾತ್ರ ಆ ಪ್ರಶ್ನೆ ಅವರಿಗೆ ನೆನಪಿಗೆ ಬರುವುದಿಲ್ಲ.

ವೆಲ್ಡಿಂಗ್ ಕಲಿತೆ. ಟ್ರ್ಯಾಕ್ಟರ್ ಕೊಂಡೆ. ಆಮೇಲೆ ಯಾರೋ ಗುಜರಿಗೆ ಹಾಕಬೇಕೆಂದಿದ್ದ ಹೈಡ್ರಾ ಕ್ರೇನೊಂದನ್ನು ತಂದು, ಪೂರ್ತಿ ಬಿಚ್ಚಿ, ತಿರುಗಿ ಜೋಡಿಸಿ ನಿಲ್ಲಿಸಿದೆ. ಅದು ಇವತ್ತಿಗೂ ಓಡುತ್ತಿದೆ. ಚಿತ್ರದುರ್ಗದ ಬೈಪಾಸಿನಲ್ಲಿ ಲಾರಿ ಮಗುಚಿದರೂ, ಹೊಸದುರ್ಗದ ರಸ್ತೆಯ ತಿರುವಿನಲ್ಲಿ ಟ್ಯಾಂಕರ್ ಹಳ್ಳಕ್ಕಿಳಿದರೂ, ಹೊಳಲ್ಕೆರೆ ಕಡೆ ತೆಂಗಿನಕಾಯಿ ಲೋಡು ಅಡ್ಡ ಬಿದ್ದರೂ ಫೋನು ನನಗೇ ಬರುತ್ತದೆ. ಎತ್ತಿದ್ದನ್ನು ಕೆಳಗೆ ಬಿಟ್ಟವನು ಎಂಬ ಮಾತು ನನ್ನ ಮೇಲೆ ಇಲ್ಲ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ, ತಪ್ಪೇನು?

ಈ ಕೆಲಸದಲ್ಲಿ ತಲೆನೋವು ತೂಕದ್ದಲ್ಲ, ಸುತ್ತ ನಿಂತವರದು. ಒಂದು ಲಾರಿ ಬಿದ್ದರೆ ಅದರ ಸುತ್ತ ನಿಂತವರೆಲ್ಲ ಅದು ಯಾಕೆ ಬಿತ್ತು ಎಂದು ಬಲ್ಲವರೇ. ಒಬ್ಬ ಡ್ರೈವರ್ ತೂಕಡಿಸಿದ ಎನ್ನುತ್ತಾನೆ, ಒಬ್ಬ ಬ್ರೇಕು ಎನ್ನುತ್ತಾನೆ, ಇನ್ನೊಬ್ಬ ಆ ಹುಣಸೆಮರದ ಕೆಳಗೆ ಹಿಂದೆಯೂ ಹೀಗೇ ಆಗಿತ್ತು ಎಂದು ಶುರು ಮಾಡುತ್ತಾನೆ. ‘ಸ್ವಲ್ಪ ಹಿಂದಕ್ಕೆ ಸರೀರಪ್ಪ, ಎತ್ತೋ ಬೆಲ್ಟು ಕಿತ್ಕಂಡ್ರೆ ನಿಮ್ಮ ಕಾರಣ ಹೇಳೋಕೆ ಇನ್ನೊಬ್ಬ ಬರ್ಬೇಕಾಗ್ತೈತೆ’ ಎಂದು ಕೂಗಿ ಕೂಗಿ ನನ್ನ ಗಂಟಲೇ ಹೋಗಿದೆ. ಆದರೆ ಲಾರಿಗೆ ಇಷ್ಟಾದರೆ ವಿಮಾನಕ್ಕೆ ಎಷ್ಟಾಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಹರಿಯಬ್ಬೆ ಕಡೆ ಒಂದಿಷ್ಟು ಬೀಳು ಭೂಮಿಯನ್ನು ಒಂದು ಕಂಪನಿ ಗುತ್ತಿಗೆಗೆ ಹಿಡಿಯಿತು. ಸರಕು ಸಾಗಿಸುವ ವಿಮಾನ ಮಾಡುತ್ತೇವೆ, ಒಳಗೆ ಡ್ರೈವರ್ ಇರುವುದಿಲ್ಲ, ನೆಲದ ಮೇಲೆ ಕೂತೇ ಓಡಿಸುತ್ತೇವೆ, ರಸ್ತೆ ಇಲ್ಲದ ಗುಡ್ಡದೂರುಗಳಿಗೆ ಔಷಧಿ, ಬೀಜ ಒಯ್ಯುತ್ತದೆ ಎಂದರು. ಪ್ರಯೋಗಕ್ಕೆ ಬಯಲು ಬೇಕಿತ್ತು, ನಮ್ಮಲ್ಲಿ ಬಯಲಿಗೇನು ಬರ. ಬ್ಲೇಡ್ ಹೊಡೆದು, ರೋಲರ್ ಓಡಿಸಿ ರನ್‌ವೇ ಸಮ ಮಾಡಿದವನು ನಾನು. ವಿಮಾನ ನೋಡಿದಾಗ ಮೊದಲು ನನಗೆ ನಗು ಬಂತು. ಎರಡು ರೆಕ್ಕೆ, ರೆಕ್ಕೆಗೊಂದು ಪ್ರೊಪೆಲ್ಲರ್, ಹೊಟ್ಟೆಯಲ್ಲಿ ಸಾಮಾನು ತುಂಬುವ ಬಾಗಿಲು, ಮೂತಿಯ ತುದಿಯಲ್ಲಿ ಬೆರಳುದ್ದದ ಒಂದು ಸಣ್ಣ ಕೊಳವೆ. ನಮ್ಮೂರವರು ಅದಕ್ಕೆ ‘ಫ್ಯಾನು ಗಾಡಿ’ ಎಂದೇ ಹೆಸರಿಟ್ಟರು. ಆದರೆ ಅದು ಮೊದಲ ಸಲ ಖಾಲಿ ಹೊಟ್ಟೆಯಲ್ಲಿ ಮೇಲೆದ್ದು ಒಂದು ಸುತ್ತು ಹಾಕಿ, ನಾನು ಸಮ ಮಾಡಿದ ಮಣ್ಣಿನ ಮೇಲೆ ಧೂಳೆಬ್ಬಿಸಿಕೊಂಡು ಇಳಿದಾಗ, ಅದು ನನ್ನದೇ ಎನ್ನುವ ಹಾಗೆ ಎದೆ ಉಬ್ಬಿತ್ತು.

ಅಲ್ಲಿ ಒಬ್ಬ ಕಾವಲುಗಾರ ಬೇಕೆಂದರು. ನನ್ನ ಭಾಮೈದನನ್ನು ಸೇರಿಸಿದೆ. ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ಒಳ್ಳೆಯವನು, ಆದರೆ ಒಂದು ಮಾತು ನೆಟ್ಟಗೆ ಹೇಳಿಸಬೇಕಾದರೆ ಹತ್ತು ಮಾತು ಕೇಳಬೇಕು. ಅವನಿಗೆ ಇನ್ನೊಂದು ಕೆಲಸವಿತ್ತು, ಅದು ಅವನ ನಿಜವಾದ ಕೆಲಸ. ನನ್ನ ಹೆಂಡತಿಯ ತವರಿನವರ ಮನೆದೇವರ ಗುಡಿಯಲ್ಲಿ ಹೂ ಇಡುವ ಕೈ ಅವರ ಮನೆತನದ್ದು. ತಂದೆಯಿಂದ ಅವನಿಗೆ ಬಂದಿತ್ತು. ಬೋರ್‌ವೆಲ್ ಕೊರೆಸುವವರು, ಹೆಣ್ಣು ಕೊಡುವವರು, ಕುರಿ ಹಿಂಡನ್ನು ದೂರದ ಸೀಮೆಗೆ ಹೊಡೆಯುವವರು ಮೊದಲು ಅಲ್ಲಿಗೆ ಬರುತ್ತಾರೆ. ದೇವರ ನೆತ್ತಿಯ ಮೇಲೆ ಇವನು ಹೂ ಇಡುತ್ತಾನೆ. ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಒಂದು ಮಾತಿಗೆ ಒಂದೇ ಸಲ ಹೂ. ಎಡಕ್ಕೆ ಬಿತ್ತೆಂದು ಮತ್ತೆ ಇಡುವಂತಿಲ್ಲ. ಹಾಗೆ ಮತ್ತೆ ಇಟ್ಟವನ ಕೈ ಆ ಗುಡಿಯಲ್ಲಿ ಮತ್ತೆ ಹೂ ಮುಟ್ಟುವಂತಿಲ್ಲ. ನನಗೆ ಇದರಲ್ಲಿ ಅಂಥ ನಂಬಿಕೆ ಇಲ್ಲ, ನಾನು ಹೈಡ್ರಾಲಿಕ್ ಆಯಿಲ್ ನೋಡಿ ಗಾಡಿ ಎತ್ತುವವನು. ಆದರೆ ಹೂ ಇಡುವಾಗ ಅವನ ಮುಖ ನೋಡಿದ್ದೇನೆ. ಆ ಹೊತ್ತಿಗೆ ಅವನು ಕಾವಲುಗಾರನಲ್ಲ.

ಆಯುಧಪೂಜೆ ಬಂತು. ಕಂಪನಿಯ ಮ್ಯಾನೇಜರಿಗೆ ಅದೇ ದಿನ ವಿಮಾನಕ್ಕೆ ಪೂಜೆಯೂ ಆಗಬೇಕು, ಭರ್ತಿ ಲೋಡಿನ ಮೊದಲ ಹಾರಾಟವೂ ಆಗಬೇಕು. ದೊಡ್ಡ ದೊಡ್ಡವರನ್ನು ಕರೆದಿದ್ದರು. ಬೆಳಿಗ್ಗೆಯೇ ಕಾರುಗಳು ಬಂದು ನಾನು ಸಮ ಮಾಡಿದ ಮಣ್ಣಿನ ಮೇಲೆ ಅಡ್ಡಾದಿಡ್ಡಿ ನಿಂತವು. ‘ಸರ್, ರನ್‌ವೇ ಮೇಲೆ ಕಾರು ಬ್ಯಾಡ ಕಣ್ರಿ’ ಎಂದೆ. ‘ಐದು ನಿಮಿಷ ಅಷ್ಟೇ’ ಎಂದರು. ಆ ಐದು ನಿಮಿಷ ಊಟದ ಹೊತ್ತಿನವರೆಗೆ ಬಂತು.

ವಿಮಾನದ ಹೊಟ್ಟೆಗೆ ಮರಳಿನ ಚೀಲ ಕಟ್ಟಿದರು. ಮೇಲೆ ಎರಡು ದೊಡ್ಡ ಚೀಲ ಮಂಡಕ್ಕಿ. ವಿಮಾನ ಸುತ್ತು ಹಾಕಿ ಇಳಿದ ಮೇಲೆ ಆಕಾಶದಿಂದ ಬಂದ ಪ್ರಸಾದ ಎಂದು ಹಂಚುವುದಂತೆ. ಯಾರ ತಲೆಗೆ ಹೊಳೆದದ್ದೋ. ಬೂದುಗುಂಬಳ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ರೆಕ್ಕೆಗೆ ವಿಭೂತಿ, ಬಾಲಕ್ಕೆ ಹಾರ. ಅಷ್ಟರಲ್ಲಿ ಮ್ಯಾನೇಜರಿಗೆ ಯಾರೋ ಹೇಳಿದರು, ನಿಮ್ಮ ಕಾವಲುಗಾರನೇ ಹೂ ಕೇಳುವವನು ಎಂದು. ಸರಿ, ಅದೂ ಆಗಲಿ ಎಂದರು. ಫೋಟೋ ಚೆನ್ನಾಗಿ ಬರುತ್ತದಲ್ಲ.

ನಾನು ದೂರದಲ್ಲಿ ಕ್ರೇನಿನ ಹತ್ತಿರ ನಿಂತಿದ್ದೆ. ಕಂಡದ್ದು ಇಷ್ಟು: ಮ್ಯಾನೇಜರ್ ಕೈ ಮಾಡಿದರು, ಇಂಜಿನಿಯರ್ ಒಬ್ಬರು ಮೂತಿಯ ಕೊಳವೆಗೆ ಹಾಕಿದ್ದ ಕೆಂಪು ಟೊಪ್ಪಿಗೆ ತೆಗೆದರು. ಭಾಮೈದ ಕೈಕಾಲು ತೊಳೆದು ಬಂದು ಅದರ ಮುಂದೆ ನಿಂತ. ಹಳದಿ ಸೇವಂತಿಗೆ ಇಟ್ಟ. ಜನ ಕತ್ತು ಚಾಚಿದರು. ಸ್ವಲ್ಪ ಹೊತ್ತಿಗೆ ‘ಬಲಕ್ಕಾತು! ಬಲಕ್ಕಾತು!’ ಎಂದು ಕೂಗು. ಚಪ್ಪಾಳೆ. ಭಾಮೈದ ಮಾತ್ರ ಚಪ್ಪಾಳೆ ತಟ್ಟಲಿಲ್ಲ, ನೆಲ ನೋಡುತ್ತಾ ಹಿಂದಕ್ಕೆ ಸರಿದ. ಬಿಸಿಲಿಗೆ ಹಾಗೆ ಮಾಡಿದನೆಂದುಕೊಂಡೆ.

ವಿಮಾನ ಎದ್ದಿತು. ಚೆನ್ನಾಗಿಯೇ ಎದ್ದಿತು. ಗಾಳಿಯಂತ್ರಗಳಿರುವ ಗುಡ್ಡದ ಕಡೆ ಹೋಗಿ ತಿರುಗುವಾಗ ಸದ್ದು ಬದಲಾಯಿತು. ಏರು ಹತ್ತುವ ಲಾರಿಗೆ ಯಾರೋ ಸುಮ್ಮನೆ ಆಕ್ಸಿಲರೇಟರ್ ತುಳಿದಂಥ ಸದ್ದು. ಮೂತಿ ಕೆಳಗಾಯಿತು, ಸ್ವಲ್ಪ ಮೇಲಾಯಿತು, ಮತ್ತೆ ಕೆಳಗಾಯಿತು. ಬಂದವರಲ್ಲಿ ಒಬ್ಬರು ‘ಓ, ಸರ್ಕಸ್ಸೂ ಮಾಡ್ತದಾ?’ ಎಂದು ಕೇಳುತ್ತಿದ್ದಾಗಲೇ ಅದು ದಿಬ್ಬದ ಆಚೆ ಇಳಿಯಿತು. ಇಳಿಯಿತು ಎನ್ನುವುದು ಮರ್ಯಾದೆಯ ಮಾತು.

ಕ್ರೇನ್ ತೆಗೆದುಕೊಂಡು ಹೋದೆ. ಈರುಳ್ಳಿ ಕಿತ್ತ ಹೊಲ. ಒಂದು ರೆಕ್ಕೆ ಮಣ್ಣಿನಲ್ಲಿ ನೆಟ್ಟುಕೊಂಡಿತ್ತು, ಹೊಟ್ಟೆ ಸೀಳಿತ್ತು, ಮಂಡಕ್ಕಿ ಹೊಲದ ತುಂಬಾ ಚೆಲ್ಲಿತ್ತು. ದೇವರ ದಯ, ಯಾರಿಗೂ ಏನೂ ಆಗಿರಲಿಲ್ಲ. ಚೆದುರಿ ಓಡಿದ್ದ ಕುರಿಗಳು ಆಗಲೇ ತಿರುಗಿ ಬಂದು ಮಂಡಕ್ಕಿ ಮೇಯುತ್ತಿದ್ದವು. ಕುರಿಯ ಯಜಮಾನ, ನಮ್ಮ ಕಡೆಯ ಹಿರಿಯ, ಕಂಬಳಿ ಹೆಗಲಿಗೆ ಹಾಕಿಕೊಂಡು ವಿಮಾನದ ಸುತ್ತ ಎರಡು ಸುತ್ತು ಬಂದು, ಬಗ್ಗಿ ಒಳಗೆಲ್ಲ ಇಣುಕಿ ನೋಡಿದ.

‘ಏನಪ್ಪ, ಇದ್ರಾಗೆ ಯಾರೂ ಇಲ್ವಾ?’

‘ಇಲ್ಲ ಕಣಣ್ಣ. ಇದು ಡ್ರೈವರ್ ಇಲ್ದಂಗೆ ಹೋಗೋದು.’

‘ಹಂಗಾದ್ರೆ ನಾನೀಗ ಯಾರಿಗೆ ಬೈಲಿ?’

ಅವನು ಸುತ್ತ ಒಮ್ಮೆ ನೋಡಿ, ಕೊನೆಗೆ ನನಗೇ ಬೈದ. ಕ್ರೇನಿನವನು ಸಿಕ್ಕಿದ್ದನಲ್ಲ.

ಎತ್ತಿ, ಬೆಲ್ಟು ಬಿಗಿದು, ಕಂಪನಿಯ ಶೆಡ್ಡಿಗೆ ತಂದು ಇಳಿಸಿದೆ. ತನಿಖೆಯವರು ಬರುವವರೆಗೆ ಯಾರೂ ಮುಟ್ಟಬಾರದು ಎಂದರು. ಅವರು ಬರಲು ಕೆಲವು ದಿನ ಹಿಡಿಯಿತು. ಅಷ್ಟರೊಳಗೆ ಹಿರಿಯೂರು ತಾಲ್ಲೂಕಿನಲ್ಲಿ ಕಾರಣ ಗೊತ್ತಿಲ್ಲದವನು ಒಬ್ಬನೂ ಉಳಿಯಲಿಲ್ಲ. ಟೀ ಅಂಗಡಿಯವನು ಗಾಳಿಯಂತ್ರದ ರೆಕ್ಕೆ ವಿಮಾನವನ್ನು ಎಳೆದುಕೊಂಡಿತು ಎಂದ. ‘ಲೇ, ಅದೇನು ಫ್ಯಾನಾ ಎಳ್ಕಣಾಕೆ, ಗಾಳಿ ಅದನ್ನ ತಿರುಗ್ಸೋದು ಕಣಲೇ’ ಎಂದರೆ, ‘ನೀನೇನು ಅದನ್ನ ಹತ್ತಿ ನೋಡಿದೀಯಾ?’ ಎಂದ. ತುರುವನೂರಿನಿಂದ ಬಂದ ನೆಂಟರು ಬಾಲಕ್ಕೆ ಹಾಕಿದ ಹಾರದ ಭಾರ ಎಂದರು. ನನ್ನ ಹೆಂಡತಿ ಕಾರಿನಲ್ಲಿ ಬಂದವರ ಕಣ್ಣು ಎಂದಳು. ಮ್ಯಾನೇಜರ್ ಹಕ್ಕಿ ಬಡಿದಿರಬೇಕು ಎಂದರು. ಹೊಸದುರ್ಗದ ಹತ್ತಿರ ರಸ್ತೆಯ ಮೇಲೆ ಗ್ರಾನೈಟ್ ಲಾರಿ ಎತ್ತುತ್ತಿದ್ದಾಗ, ಬೆಲ್ಟಿಗೆ ಹೆಗಲು ಕೊಟ್ಟ ನನ್ನ ಕಿವಿಯ ಹತ್ತಿರ ಬಂದು ಒಬ್ಬ, ‘ಅದೇ, ಆ ವಿಮಾನ... ಬ್ಯಾಟ್ರಿ ಡೌನಂತೆ?’ ಎಂದು ಕೇಳಿದ. ಹೌದಪ್ಪ, ತಳ್ಳಿ ಸ್ಟಾರ್ಟ್ ಮಾಡೋಣ ಅಂತಿದ್ವಿ, ಅಷ್ಟರಲ್ಲಿ ಬಿದ್ದೋಯ್ತು ಎಂದೆ. ಅವನು ಅದನ್ನು ನಂಬಿಕೊಂಡು ಹೋದ.

ಭಾಮೈದ ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಅವನ ತೊಂದರೆ ಬೇರೆ. ಗುಡಿಯ ಕಡೆಯವರು ಗುಸುಗುಸು ಶುರು ಮಾಡಿದ್ದರು. ಹೂ ಬಲಕ್ಕೆ ಕೊಟ್ಟಿತ್ತಲ್ಲ, ಮತ್ತೆ ಯಾಕೆ ಬಿತ್ತು? ದೇವರ ಮಾತೇ ಸುಳ್ಳಾಯಿತೇ? ಹೆಣ್ಣು ಕೊಡುವ ಮಾತಿಗೆ ಹೂ ಕೇಳಿಸಿಕೊಂಡು ಹೋಗಿದ್ದ ಒಬ್ಬರು, ಇನ್ನೊಂದು ಗುಡಿಯಲ್ಲೂ ಕೇಳಿ ನೋಡೋಣ ಎಂದರಂತೆ. ಅದನ್ನು ಕೇಳಿದ ದಿನ ಅವನು ಊಟ ಬಿಟ್ಟು ಎದ್ದ.

ತನಿಖೆಗೆ ಬಂದದ್ದು ಒಬ್ಬ ಮೇಡಂ, ಜೊತೆಗೆ ಇಬ್ಬರು. ಮೇಡಂ ಧೂಳಿನಲ್ಲಿ ಮಂಡಿಯೂರಿ ಕೂತು, ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಯಾರನ್ನೂ ಏನೂ ಕೇಳಲಿಲ್ಲ. ನನಗೆ ಅದೇ ಹಿಡಿಸಿತು. ಮೂರನೆಯ ದಿನ ಮೂತಿಯ ಕೊಳವೆ ಬಿಚ್ಚಿ, ಚಿಮ್ಮಟ ಹಾಕಿ ಒಳಗಿನಿಂದ ಏನನ್ನೋ ಎಳೆದು ಬಿಳಿ ಬಟ್ಟೆಯ ಮೇಲೆ ಇಟ್ಟರು. ಒಣಗಿದ ಹಸಿರು ತೊಟ್ಟು. ತುದಿಯಲ್ಲಿ ಒಂದೆರಡು ಹಳದಿ ಎಸಳು.

‘ಇದು ಏನು ಗೊತ್ತಾ ನಿಮಗೆ?’ ಎಂದು ನನ್ನನ್ನು ಕೇಳಿದರು.

ಗೊತ್ತಿಲ್ಲದೆ ಏನು. ‘ಸೇವಂತಿಗೆ’ ಎಂದೆ.

ಮ್ಯಾನೇಜರ್ ತಟ್ಟನೆ ಬಾಯಿ ಹಾಕಿದರು. ‘ಬಿದ್ದಾಗ ಹೊಲದ್ದು ಸೇರಿಕೊಂಡಿರಬೇಕು ಮೇಡಂ. ಇಲ್ಲಾ ಕ್ರೇನಿನವರು ಎತ್ತುವಾಗ ಎಲ್ಲಿಗೋ ತಾಗಿಸಿದ್ದಾರೆ. ಇವರಿಗೆ ವಿಮಾನ ಎತ್ತಿ ಅಭ್ಯಾಸ ಇಲ್ಲ ನೋಡಿ.’

ನನ್ನ ಮೈಯೆಲ್ಲ ಉರಿಯಿತು. ಇವರ ವಿಮಾನ ಎಲ್ಲೋ ಬಿದ್ದಿದ್ದನ್ನು ಇನ್ನೊಂದು ಗೀರು ಬೀಳದಂತೆ ತಂದು ಇಳಿಸಿದವನು ನಾನು. ‘ಸರ್, ಅದು ಈರುಳ್ಳಿ ಹೊಲ’ ಎಂದೆ. ಮೇಡಂ ಮ್ಯಾನೇಜರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ತೊಟ್ಟು ಒಳಗೆ ಎಷ್ಟು ಬಿಗಿಯಾಗಿ ಕೂತಿತ್ತು ಎಂದು ಮಾತ್ರ ಮತ್ತೆ ಮತ್ತೆ ನೋಡಿದರು. ಆಮೇಲೆ ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದರು. ಆ ಕೊಳವೆಯೊಳಗೆ ಹೊಕ್ಕ ಗಾಳಿಯ ಒತ್ತಡದಿಂದಲೇ ವಿಮಾನಕ್ಕೆ ತನ್ನ ವೇಗ ಗೊತ್ತಾಗುವುದು. ಅರ್ಧ ಮುಚ್ಚಿದರೆ, ಓಡುತ್ತಿದ್ದರೂ ನಿಧಾನವಾದೆ ಎಂದುಕೊಳ್ಳುತ್ತದೆ. ವೇಗ ಹೆಚ್ಚಿಸಲು ಮೂತಿ ತಗ್ಗಿಸುತ್ತದೆ. ಒಳಗೆ ಪೈಲಟ್ ಇದ್ದ ದೊಡ್ಡ ವಿಮಾನಗಳಿಗೂ ಈ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿ ಅಪಾಯವಾದದ್ದಿದೆ. ‘ಕಣಜಕ್ಕೆ ಸೇವಂತಿಗೆ ತರಲಿಕ್ಕೆ ಬರುವುದಿಲ್ಲ. ನಾಳೆ ಎಲ್ಲರೂ ಇರಿ, ಪೂಜೆ ಮಾಡಿದವರೂ’ ಎಂದರು.

ಇಂಜಿನಿಯರನ್ನು ಅಲ್ಲೇ ಕೇಳಿದರು. ‘ಟೊಪ್ಪಿಗೆ ತೆಗೆದ ಮೇಲೆ ಹಾರುವ ಮುಂಚೆ ಕೊಳವೆ ನೋಡಬೇಕಲ್ಲ, ನೋಡಿದಿರಾ?’

ಆತ ನಮ್ಮ ಕಡೆಯವನೇ, ಹೊಳಲ್ಕೆರೆಯವನು. ತಲೆ ತಗ್ಗಿಸಿದ. ‘ಹೂವು ಬಲಕ್ಕೆ ಕೊಟ್ಟಾಗಿತ್ತಲ್ಲ ಮೇಡಂ... ಆಮೇಲೆ ಅಲ್ಲಿ ಕೈ ಹಾಕೋದು ಹೆಂಗೆ ಅಂತ... ನಮಸ್ಕಾರ ಮಾಡಿದೆ.’

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಮನೆಗೆ ಹೋದಾಗ ಹೆಂಡತಿ ಮುದ್ದೆ ತಿರುವುತ್ತಿದ್ದಳು. ಭಾಮೈದ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

‘ಲೇ, ಹೂವು ಎಲ್ಲಿ ಇಟ್ಟೆ?’

‘ಮೂತಿ ಮ್ಯಾಲೆ, ಭಾವ.’

‘ಮೂತಿ ಮ್ಯಾಲೆ ಎಲ್ಲಿ?’

‘ತುದೀಗೆ.’

‘ತುದೀಗೆ ಅಂದ್ರೆ?’

‘ಅದೇ... ಆ ಪೈಪ್ ಐತಲ್ಲ, ಅದ್ರ ಮ್ಯಾಲೆ.’

‘ಮ್ಯಾಲೋ ಒಳಗೋ?’

ಅವನು ಅಕ್ಕನ ಮುಖ ನೋಡಿದ. ಅವಳು ಕೋಲು ತಿರುವುವುದನ್ನು ನಿಲ್ಲಿಸಿದ್ದಳು. ‘ಭಾವ, ಆ ಮೂತಿ ನುಣ್ಣಗೆ ಐತೆ. ಹೂವು ನಿಲ್ಲಾಕೆ ಎಲ್ಲೂ ಜಾಗಿಲ್ಲ. ದೇವ್ರ ನೆತ್ತಿ ಮ್ಯಾಲಾದ್ರೆ ನಿಲ್ತೈತೆ. ಅದ್ಕೆ ತೊಟ್ಟು ಒಳಗೆ ಸಿಕ್ಸಿದೆ.’

‘ಸಿಕ್ಸಿದ್ಮ್ಯಾಲೆ ಹೂವು ಬೀಳಾದು ಹೆಂಗಲೇ?’

ಇದಕ್ಕೆ ಉತ್ತರ ಬರಲು ಮುದ್ದೆ ತಳ ಹಿಡಿಯುವಷ್ಟು ಹೊತ್ತಾಯಿತು. ಕೊನೆಗೆ ಬಂತು. ಮೊದಲ ಸಲ ಅವನು ಸಿಕ್ಕಿಸಿರಲಿಲ್ಲ. ಬರೀ ಕೊಳವೆಯ ಮೇಲೆ ಒರಗಿಸಿ ಇಟ್ಟಿದ್ದ. ಹೂ ಬಿತ್ತು. ಎಡಕ್ಕೆ ಬಿತ್ತು. ಅವನ ಬೆನ್ನಿನ ಹಿಂದೆ ನಿಂತಿದ್ದ ಜನಕ್ಕೆ ಕಾಣಲಿಲ್ಲ. ಪಕ್ಕದಲ್ಲಿದ್ದ ಮ್ಯಾನೇಜರಿಗೆ ಕಂಡಿತು, ಆದರೆ ಅವರಿಗೆ ಎಡ ಏನು ಬಲ ಏನು. ‘ಬಿದ್ದೋಯ್ತಲ್ರೀ, ಇನ್ನೊಂದ್ಸಲ ಸರಿಯಾಗಿ ಇಡಿ, ಫೋಟೋ ಬಂದಿಲ್ಲ’ ಎಂದರಂತೆ. ಅವನು ತೊಟ್ಟನ್ನು ಕೊಳವೆಗೆ ತುರುಕಿ ಇಟ್ಟು, ಎಲ್ಲರಿಗೂ ಕಾಣಲೆಂದು ಪಕ್ಕಕ್ಕೆ ಸರಿದ. ಹೂವಿನ ತಲೆ ಭಾರ, ಬಿಸಿಲಿಗೆ ಬಾಡಿತ್ತು. ಕತ್ತು ಮುರಿದು ಬಲಕ್ಕೆ ಉದುರಿತು. ತೊಟ್ಟು ಒಳಗೇ ಉಳಿಯಿತು.

‘ಫೋಟೋಕ್ಕೋಸ್ಕರ?’ ಎಂದೆ. ‘ನಿಮ್ಮಪ್ಪ ಉರಿಯೋ ಕರ್ಪೂರ ಆರಿದ್ರೂ ಎರಡ್ನೇ ಹೂ ಮುಟ್ತಿರ್ಲಿಲ್ಲ, ನೀನು ಫೋಟೋಕ್ಕೋಸ್ಕರ ಇಟ್ಟೆ?’

‘ಎಲ್ರೂ ಕಾಯ್ತಿದ್ರು ಭಾವ. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ.’

‘ನಿನಗೆ ಯಾವತ್ತು ಬಾಯಿ ಬಂದೈತೆ!’

ನಾಳೆ ಏನು ಹೇಳುತ್ತೀಯ ಎಂದು ಕೇಳಿದೆ. ಮ್ಯಾನೇಜರ್ ಆಗಲೇ ಅವನನ್ನು ಕರೆದು ಹೇಳಿಕೊಟ್ಟಿದ್ದರಂತೆ. ಹೂ ಸುಮ್ಮನೆ ಮೇಲೆ ಇಟ್ಟೆ, ಬಿತ್ತು, ಅಷ್ಟೇ ಅನ್ನು. ಒಳಗಿನದ್ದು ಎತ್ತುವಾಗ ಸೇರಿದ್ದು ಅಂತ ಆಗುತ್ತದೆ. ನಿನ್ನ ಕೆಲಸವೂ ಉಳಿಯುತ್ತದೆ, ನಿನ್ನ ಗುಡಿಯೂ ಉಳಿಯುತ್ತದೆ.

‘ಅಂದ್ರೆ ನನ್ನ ಕ್ರೇನಿನ ತಲೀಗೆ!’ ಎಂದು ಎದ್ದು ನಿಂತೆ.

ಆಗ ಹೆಂಡತಿ ಮಾತಾಡಿದಳು. ‘ಏನ್ರಿ, ಕುಂತ್ಕಳ್ರಿ ಸ್ವಲ್ಪ. ನಿಮ್ಮ ಕ್ರೇನಿಗೆ ಒಂದು ಮಾತು ಬಂದ್ರೆ ಲೋಕ ಏನು ಮುಳುಗಲ್ಲ, ನಾಳೆ ಇನ್ನೊಂದು ಲಾರಿ ಬಿದ್ರೆ ನಿಮಗೇ ಫೋನ್ ಮಾಡ್ತಾರೆ. ಅವನು ಎಡಕ್ಕೆ ಬಿದ್ದಿದ್ದು ಹೇಳಿದ್ರೆ ನಮ್ಮಪ್ಪನ ಕೈ ಅಲ್ಲಿಗೆ ಮುಗೀತು. ಆ ಗುಡೀಲಿ ನಮ್ಮ ಮನೆ ಹೂವೇ ಇರಲ್ಲ.’

ಹೇಳಿ ಮುಗಿಸಿ ಅವಳು ತಮ್ಮನ ಕಡೆ ತಿರುಗಿದಳು. ಅವನಿಗೂ ಬೈದಳು. ‘ಲೇ ತಮ್ಮ, ನೀನೂ ಅಷ್ಟೆ. ಬಿದ್ದಿದ್ದು ಎಡಕ್ಕೆ ಅಂತ ಆವತ್ತೇ ಕೂಗಿದ್ರೆ ಆ ಹಾಳು ಗಾಡಿ ನೆಲದ ಮ್ಯಾಲೆ ಇರ್ತಿತ್ತು.’

ಅವನು ಎದ್ದು ಹೋದ. ನನಗೆ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ. ಅವಳು ಹೇಳಿದ್ದು ಸರಿ ಎನಿಸಿದ್ದಕ್ಕೆ ಅವಳ ಮೇಲೆ. ನೆಟ್ಟಗೆ ಮಾತಾಡದ ಅವನ ಮೇಲೆ. ಎಲ್ಲದಕ್ಕೂ ಎರಡೆರಡು ದಾರಿ ಇಟ್ಟುಕೊಂಡಿರುವ ಆ ಮ್ಯಾನೇಜರ ಮೇಲೆ. ಮುದ್ದೆ ಸೀದ ವಾಸನೆ ಬರುತ್ತಿತ್ತು, ಅದನ್ನೇ ತಿಂದೆ.

ಮರುದಿನ ಶೆಡ್ಡಿನಲ್ಲಿ ಕುರ್ಚಿ ಹಾಕಿದ್ದರು. ಕುರಿ ಯಜಮಾನನನ್ನೂ ಕರೆಸಿದ್ದರು, ಬಿದ್ದದ್ದನ್ನು ಕಣ್ಣಾರೆ ಕಂಡವನು ಅವನೇ. ಅವನು ಅದೇ ಗುಡಿಯ ಒಕ್ಕಲು. ಈ ವರ್ಷ ಹಿಂಡು ಹೊರಡಿಸುವ ಮೊದಲು ಭಾಮೈದನ ಕೈಯಲ್ಲೇ ಹೂ ಕೇಳಿದ್ದವನು. ಅವನು ಬಂದು ಕುಳಿತದ್ದನ್ನು ನೋಡಿ, ಮುಗಿಯಿತು, ಇನ್ನು ಭಾಮೈದ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ನನ್ನ ಕ್ರೇನಿಗೆ ನಾನೇ ಮನಸ್ಸಿನಲ್ಲಿ ಸಮಾಧಾನ ಹೇಳಿಕೊಂಡೆ.

ಭಾಮೈದ ಕಾವಲಿನ ಯೂನಿಫಾರ್ಮ್ ಹಾಕಿರಲಿಲ್ಲ. ಬಿಳಿ ಪಂಚೆ ಉಟ್ಟು ಬಂದಿದ್ದ, ಗುಡಿಗೆ ಹೋಗುವಾಗ ಉಡುವುದು. ಮೇಡಂ ಕೇಳಿದರು, ‘ಹೂ ಇಟ್ಟವರು ನೀವೇನಾ?’

‘ನಾನೇ ಮೇಡಮ್ಮೋರೆ. ಎರಡು ಸಲ ಇಟ್ಟೆ.’

ಮ್ಯಾನೇಜರ್ ಕೆಮ್ಮಿದರು. ಅವನು ಆ ಕಡೆ ನೋಡಲಿಲ್ಲ. ನನ್ನ ಜೀವಮಾನದಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೊದಲ ಹೂ ಎಡಕ್ಕೆ ಬಿದ್ದದ್ದು, ಮತ್ತೆ ಇಡಿ ಎಂದದ್ದು, ತೊಟ್ಟು ತುರುಕಿದ್ದು, ತಲೆ ಮುರಿದು ಬಿದ್ದದ್ದು, ಎಲ್ಲ ಹೇಳಿದ. ‘ಕ್ರೇನಿಗೂ ಅದಕ್ಕೂ ಸಂಬಂಧ ಇಲ್ಲ’ ಎಂದೂ ಸೇರಿಸಿದ. ಅದನ್ನು ಹೇಳೆಂದು ನಾನು ಕೇಳಿಕೊಂಡಿರಲಿಲ್ಲ.

ಮೇಡಂ ಬರೆದುಕೊಳ್ಳುತ್ತಿದ್ದರು. ಕುರಿ ಯಜಮಾನ ಎದ್ದು ನಿಂತ.

‘ಏನಪ್ಪ, ಎಡಕ್ಕೆ ಬಿತ್ತಾ?’

‘ಬಿತ್ತಣ್ಣ.’

‘ಅಂದ್ರೆ ದೇವ್ರು ಬ್ಯಾಡ ಅಂದಿತ್ತು.’

‘ಅಂದಿತ್ತು.’

‘ನೀನು ಕೇಳ್ಲಿಲ್ಲ.’

‘ಕೇಳ್ಲಿಲ್ಲ. ದೇವ್ರು ಸುಳ್ಳು ಹೇಳಿಲ್ಲಣ್ಣ. ಸುಳ್ಳಾಗಿದ್ದು ನನ್ನ ಕೈ. ಊರಾಗೆ ಹಂಗೇ ಹೇಳು. ಇನ್ನ ಆ ಗುಡೀಲಿ ನಾನು ಹೂ ಮುಟ್ಟಲ್ಲ.’

ಯಜಮಾನ ಕಂಬಳಿ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಬೈಯಲು ಆಳು ಸಿಕ್ಕಿದನಲ್ಲ, ಈಗ ಬೈಯುತ್ತಾನೆ ಎಂದುಕೊಂಡೆ. ಅವನು ಬೈಯಲಿಲ್ಲ. ‘ನಡಿ, ಟೀ ಕುಡಿಯಾಣ’ ಎಂದು ಅವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ. ಮೇಡಂ ಹತ್ತಿರ ಅನುಮತಿಯನ್ನೂ ಕೇಳಲಿಲ್ಲ.

ಮೇಡಂ ಹೊರಡುವ ದಿನ ನಾನು ಹೋಗಿ ಕೇಳಿದೆ, ಕೊನೆಗೆ ಏನೆಂದು ಬರೆದಿರಿ ಎಂದು. ‘ಸಂಭವನೀಯ ಕಾರಣ’ ಎಂದು ಶುರು ಮಾಡಿದರು. ನಾನು ಅಲ್ಲಿಯೇ ತಡೆದೆ.

‘ಮೇಡಂ, ಇನ್ನೂ ಸಂಭವನೀಯವಾ? ಅವನು ಮನೆತನದ ಕೈ ಕಳ್ಕಂಡು ಹೇಳಿದಾನೆ. ತೊಟ್ಟು ನಿಮ್ಮ ಡಬ್ಬೀಲೇ ಐತೆ. ಇಷ್ಟಾದ ಮೇಲೂ ನೀವು ಇರಬಹುದು ಅಂದ್ರೆ ಟೀ ಅಂಗಡಿಯವನಿಗೂ ನಿಮಗೂ ಏನು ವ್ಯತ್ಯಾಸ?’

ಅವರಿಗೆ ಸಿಟ್ಟು ಬರಲಿಲ್ಲ. ‘ಟೀ ಅಂಗಡಿಯವರು ಒಂದೇ ಕಾರಣ ಹೇಳುತ್ತಾರೆ’ ಎಂದರು. ‘ತೊಟ್ಟು ಇಟ್ಟವರು ಒಬ್ಬರು. ಪೂಜೆಗೆಂದು ಟೊಪ್ಪಿಗೆ ತೆಗೆಸಿ ಅವಸರ ಮಾಡಿದವರು ಇನ್ನೊಬ್ಬರು. ನೋಡದೆ ಕೈ ಮುಗಿದವರು ಬೇರೆ. ಎಲ್ಲ ಬರೆದಿದ್ದೇನೆ. ವಿಮಾನ ತಾನೇ ಎದ್ದು ಹೇಳುವವರೆಗೆ ಇದು ಸಂಭವನೀಯವೇ.’ ಭಾಮೈದನ ಹೆಸರು ಬರೆದಿಲ್ಲ, ‘ಪೂಜೆಯ ಹೂವಿನ ತೊಟ್ಟು’ ಎಂದಷ್ಟೇ ಇದೆ ಎಂದರು. ನಾನು ಬಂದು ಅವನಿಗೆ ಹೇಳಿದರೆ ಅವನಿಗೆ ಬೇಸರವಾಯಿತು. ‘ನಾನು ಅಷ್ಟು ಹೇಳಿದ್ರೂ ಹೂವಿನ ಮ್ಯಾಲೆ ಹಾಕಿದ್ರಾ? ಹೂವು ಏನು ಮಾಡೈತೆ ಭಾವ?’ ಎಂದ. ಇವನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ.

ಕಂಪನಿ ಇನ್ನೊಂದು ಬಯಲು ಹುಡುಕಿಕೊಂಡು ಹೋಯಿತು. ಹೋಗುವಾಗ ಬಾಗಿದ ಒಂದು ಪ್ರೊಪೆಲ್ಲರನ್ನು ಮರೆತೋ ಬೇಡವೆಂದೋ ಬಿಟ್ಟಿತು. ರನ್‌ವೇ ಮೇಲೆ ಈಗ ಹುಲ್ಲು. ಕಾವಲಿಗೆ ಏನೂ ಉಳಿದಿರದ ಕಾರಣ ಭಾಮೈದನ ಆ ಕೆಲಸವೂ ಹೋಯಿತು.

ತಮಾಷೆ ಎಂದರೆ ಗುಡಿಗೆ ಜನ ಕಡಿಮೆಯಾಗಲಿಲ್ಲ, ಹೆಚ್ಚಾದರು. ವಿಮಾನ ಬೀಳುತ್ತದೆ ಎಂದು ಮೊದಲೇ ಹೇಳಿದ ದೇವರು! ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಬಂದು ಹೂ ಕೇಳಬೇಕು ಎನ್ನುತ್ತಾರೆ. ಹೂ ಇಡುವವರು ಯಾರೂ ಇಲ್ಲ. ಹಿರಿಯರು ಇನ್ನೂ ಬೇರೆ ಕೈಯನ್ನು ಕೂರಿಸಿಲ್ಲ. ಕುರಿ ಯಜಮಾನ ನಮ್ಮ ಮನೆಗೇ ಬಂದು ಭಾಮೈದನಿಗೆ, ‘ಎಡಕ್ಕೆ ಬಿದ್ದಿದ್ದನ್ನ ಒಪ್ಕಂಡೋನು ನೀನೊಬ್ನೇ, ನೀನೇ ಇಡು, ನಾವು ನೋಡ್ಕಂತೀವಿ’ ಎಂದ. ಬೋರ್‌ವೆಲ್ಲಿನವರು ಮೋಟರ್ ಸೈಕಲ್ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿ ಕಾಯುತ್ತಾರೆ, ಹೆಂಡತಿ ಅವರಿಗೆ ಟೀ ಕಾಸಿ ಕಾಸಿ ಸಾಕಾಗಿದ್ದಾಳೆ. ಅವನು ಒಪ್ಪಿಲ್ಲ. ಒಂದು ಮಾತಿಗೆ ಒಂದೇ ಸಲ ಎನ್ನುತ್ತಾನೆ. ಈಗ ಮಾತ್ರ ಇವನಿಗೆ ಬಾಯಿ ಬರುತ್ತದೆ.

ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾನೆ. ಬೆಲ್ಟು ಹಾಕುತ್ತಾನೆ, ಹಗ್ಗ ಹಿಡಿಯುತ್ತಾನೆ. ಕ್ರೇನ್ ಸ್ಟಾರ್ಟ್ ಮಾಡುವ ಮೊದಲು ಸುತ್ತ ಬಂದು ಸೈಲೆನ್ಸರಿನಿಂದ ಹಿಡಿದು ಇರುವ ಎಲ್ಲ ಪೈಪಿನೊಳಗೂ ಕಣ್ಣಿಟ್ಟು ನೋಡುತ್ತಾನೆ. ರಸ್ತೆಯ ಮೇಲೆ ಟ್ರಾಫಿಕ್ ನಿಂತಿರುತ್ತದೆ, ಹಾರ್ನ್ ಹೊಡೆಯುತ್ತಿರುತ್ತಾರೆ, ನಾನು ‘ಲೇ, ಅದು ಕ್ರೇನ್ ಕಣೋ, ಹಾರಾದಿಲ್ಲ, ಬಾರೋ’ ಎಂದು ಕೂಗುತ್ತಿರುತ್ತೇನೆ. ಅವನು ನೋಡಿ ಮುಗಿಸದೆ ಬರುವುದಿಲ್ಲ. ಈ ಸಲದ ಆಯುಧಪೂಜೆಗೆ ಕ್ರೇನಿಗೆ ವಿಭೂತಿ ಹಚ್ಚಿದೆವು, ನಿಂಬೆಹಣ್ಣು ಇಟ್ಟೆವು. ಹೂವನ್ನು ಹೆಂಡತಿ ಮುಡಿದುಕೊಂಡಳು.

ಈಗ ನನ್ನ ಹತ್ತಿರ ಇರುವುದು: ಹೈಡ್ರಾ ಕ್ರೇನ್ ಒಂದು, ಟ್ರ್ಯಾಕ್ಟರ್ ಎರಡು, ವೆಲ್ಡಿಂಗ್ ಸೆಟ್ ಒಂದು, ಮೇಲೆ ತಗಡು ಹಾಕಿದ ಶೆಡ್ಡು ಒಂದು, ಅದರ ಹಿಂದೆ ಬಾಗಿದ ಪ್ರೊಪೆಲ್ಲರ್ ಒಂದು, ಹೆಂಡತಿ, ಭಾಮೈದ.